ಹೊಸ ಐಲೆಟ್‌ಗಳನ್ನು ಮೈ ಯಾಕೆ ಉಳಿಸಿಕೊಳ್ಳುವುದಿಲ್ಲ?

(ತೀರ್ಥಹಳ್ಳಿಯಲ್ಲಿ ಟೈಪ್ 1 ಸಕ್ಕರೆ ಕಾಯಿಲೆ ಇರುವ ಮಕ್ಕಳ ಅಪ್ಪ-ಅಮ್ಮಂದಿರು ಮತ್ತು ಶಾಲಾ ಶಿಕ್ಷಕರ ಮುಂದೆ ವೈದ್ಯರೊಬ್ಬರು ಆಡಿದ ಮಾತುಗಳ ಬರಹ ರೂಪ)

ವಾಟ್ಸಾಪ್‌ನಲ್ಲಿ ನಿಮಗೆಲ್ಲ ಒಂದಲ್ಲ ಒಂದು ಸಲ ಈ ಸುದ್ದಿ ಬಂದಿರುತ್ತದೆ: ‘ಇನ್ನು ಇನ್ಸುಲಿನ್ ಚುಚ್ಚಿಕೊಳ್ಳುವುದು ಬೇಡ, ಜೀವಕೋಶ ಕಸಿ ಮಾಡಿದರೆ ಸಕ್ಕರೆ ಕಾಯಿಲೆ ವಾಸಿ.’ ಈಗ ಒಳಗೆ ಬರುವಾಗಲೂ ಇಬ್ಬರು ತಾಯಂದಿರು ಫೋನ್ ತೆಗೆದು ಅದನ್ನೇ ತೋರಿಸಿದರು. ಅದು ಪೂರ್ತಿ ಸುಳ್ಳಲ್ಲ. ಅಂಥ ಕಸಿ ಇದೆ. ಇನ್ಸುಲಿನ್ ಮಾಡುವ ‘ಐಲೆಟ್’ ಎಂಬ ಸಣ್ಣ ಕೋಶಗುಂಪುಗಳನ್ನು ಮೈಗೆ ಹಾಕುವುದು, ಅದಕ್ಕೇ ಐಲೆಟ್ ಕಸಿ ಅನ್ನುತ್ತಾರೆ. 50 ವರ್ಷಕ್ಕೂ ಮೇಲಿನಿಂದ ಅದರ ಮೇಲೆ ಕೆಲಸ ನಡೆದಿದೆ. ಕೆಲವರಿಗೆ ಇನ್ಸುಲಿನ್ ನಿಂತೂ ಇದೆ. ಹಾಗಿದ್ದರೆ ನಿಮ್ಮ ಮಕ್ಕಳಿಗೆ ನಾವು ಯಾಕೆ ಮಾಡುತ್ತಿಲ್ಲ? ಆಪರೇಷನ್ ಕಷ್ಟ ಅಂತ ಅಲ್ಲ, ಅದು ಸುಲಭವೇ. ಆಮೇಲೆ ನಮ್ಮ ಬಿಳಿ ರಕ್ತಕಣಗಳು ಏನು ಮಾಡುತ್ತವೆ ಅನ್ನುವುದೇ ಎಲ್ಲ ತೊಂದರೆಯ ಮೂಲ. ಇವತ್ತು ಆ ಕಣಗಳ ಬಗ್ಗೆಯೇ ಮಾತಾಡುತ್ತೇನೆ.

ಅದಕ್ಕೂ ಮೊದಲು ಒಂದು ಮಾತು. ಈ ಊರಿನಲ್ಲಿ ‘ಶುಗರ್’ ಅಂದರೆ ಎಲ್ಲರೂ ಒಂದೇ ಕಾಯಿಲೆ ಅಂದುಕೊಳ್ಳುತ್ತಾರೆ. ಅಜ್ಜನಿಗೆ 60ರಲ್ಲಿ ಬರುವುದು ಟೈಪ್ 2. ಅದರಲ್ಲಿ ಇನ್ಸುಲಿನ್ ಇರುತ್ತದೆ, ಮೈಗೆ ಸಾಲುವುದಿಲ್ಲ, ಸರಿಯಾಗಿ ಹತ್ತುವುದೂ ಇಲ್ಲ. ನಿಮ್ಮ ಮಕ್ಕಳಿಗೆ ಬಂದಿರುವುದು ಟೈಪ್ 1. ಇಲ್ಲಿ ಇನ್ಸುಲಿನ್ ಮಾಡುವ ಕೋಶಗಳನ್ನು ಮಗುವಿನದೇ ಬಿಳಿ ರಕ್ತಕಣಗಳು ಕೊಂದಿರುತ್ತವೆ. ಪ್ರತಿ ಸಲ ಯಾರಾದರೊಬ್ಬ ತಾಯಿ ಮೆಲ್ಲಗೆ ಕೇಳುತ್ತಾರೆ, ‘ನಾನು ಜಾಸ್ತಿ ಸಿಹಿ ಕೊಟ್ಟಿದ್ದಕ್ಕೆ ಬಂತಾ ಡಾಕ್ಟ್ರೇ?’ ಇಲ್ಲಮ್ಮ. ಬಸುರಿಯಲ್ಲಿ ನೀವು ತಿಂದದ್ದಕ್ಕೂ ಅಲ್ಲ, ಮಗು ತಿಂದ ಮಿಠಾಯಿಗೂ ಅಲ್ಲ. ಮನೆಯಲ್ಲಿ ಯಾರಾದರೂ ಹಾಗೆ ಅಂದರೆ ಡಾಕ್ಟ್ರು ಬೇರೆಯೇ ಹೇಳಿದರು ಅಂತ ಹೇಳಿ.

ಹೊಟ್ಟೆಯ ಹಿಂಭಾಗದಲ್ಲಿ, ಜಠರದ ಹಿಂದೆ ಅಡ್ಡಲಾಗಿ ಮೇದೋಜೀರಕ ಗ್ರಂಥಿ ಇದೆ. ಪ್ಯಾಂಕ್ರಿಯಾಸ್ ಅನ್ನುತ್ತೇವಲ್ಲ, ಅದೇ. ಅದರ ಬಹುಪಾಲು ಮಾಡುವುದು ಊಟ ಕರಗಿಸುವ ರಸವನ್ನು. 1869ರಲ್ಲಿ ಬರ್ಲಿನ್‌ನಲ್ಲಿ ಪಾಲ್ ಲ್ಯಾಂಗರ್‌ಹಾನ್ಸ್ ಎಂಬ ವೈದ್ಯಕೀಯ ವಿದ್ಯಾರ್ಥಿ ಸೂಕ್ಷ್ಮದರ್ಶಕದಲ್ಲಿ ನೋಡುವಾಗ ಆ ರಸದ ಕೋಶಗಳ ನಡುವೆ ಬೇರೆ ಥರದ ಕೋಶಗಳ ಸಣ್ಣ ಸಣ್ಣ ಗುಂಪು ಕಂಡ. ಅವು ಏನು ಮಾಡುತ್ತವೆ ಎಂದು ಅವನಿಗೆ ಗೊತ್ತಾಗಲಿಲ್ಲ. ಆ ಗುಂಪುಗಳೇ ಐಲೆಟ್‌ಗಳು. ಒಬ್ಬ ದೊಡ್ಡ ಮನುಷ್ಯನಲ್ಲಿ ಸುಮಾರು 10 ಲಕ್ಷ ಇರುತ್ತವೆ. ಎಲ್ಲ ಸೇರಿಸಿದರೂ ಗ್ರಂಥಿಯ ತೂಕದಲ್ಲಿ ಶೇಕಡಾ 1-2 ಅಷ್ಟೇ. ಒಂದೊಂದು ಐಲೆಟ್ ರಾಗಿ ಕಾಳಿನ ಹತ್ತನೇ ಒಂದು ಭಾಗ ಅಗಲ. ಅಷ್ಟರಲ್ಲೇ ಸಾವಿರಕ್ಕೂ ಮೇಲೆ ಕೋಶಗಳು. ಅವುಗಳಲ್ಲಿ ಬೀಟಾ ಕೋಶ ಇನ್ಸುಲಿನ್ ಬಿಡುತ್ತದೆ, ಆಲ್ಫಾ ಕೋಶ ಸಕ್ಕರೆ ಇಳಿದಾಗ ಮೇಲೆತ್ತುವ ಗ್ಲುಕಗಾನ್ ಬಿಡುತ್ತದೆ. ಬೀಟಾ ಕೋಶ ಪ್ರತಿ ಕ್ಷಣವೂ ರಕ್ತದ ಸಕ್ಕರೆ ನೋಡಿಕೊಂಡು ಬೇಕಾದಷ್ಟನ್ನೇ ಬಿಡುತ್ತದೆ, ಸಾಕಾದಾಗ ನಿಲ್ಲಿಸುತ್ತದೆ.

ನಾವು ಸಿರಿಂಜಿನಲ್ಲಿ ಕೊಡುವ ಇನ್ಸುಲಿನ್‌ಗೆ ಈ ‘ನಿಲ್ಲಿಸುವ’ ಗುಣ ಇಲ್ಲ. ಚುಚ್ಚಿದ ಮೇಲೆ ಮುಗಿಯಿತು, ಅದು ಕೆಲಸ ಮಾಡಿಯೇ ಮಾಡುತ್ತದೆ. ಆಗುಂಬೆ ಕಡೆಯ ಒಬ್ಬ ಹುಡುಗಿಯನ್ನು ನಾನು ನೋಡುತ್ತೇನೆ. ಚಿಕ್ಕಂದಿನಿಂದ ಇನ್ಸುಲಿನ್. ಈಗ ಅವಳಿಗೆ ಸಕ್ಕರೆ ಇಳಿದರೆ ಬೆವರು ಬರುವುದಿಲ್ಲ, ಕೈ ನಡುಗುವುದಿಲ್ಲ, ಎದೆ ಹೊಡೆದುಕೊಳ್ಳುವುದಿಲ್ಲ. ಮುನ್ಸೂಚನೆಯೇ ಇಲ್ಲದೆ ಎಚ್ಚರ ತಪ್ಪುತ್ತಾಳೆ. ಅವಳ ಅಮ್ಮ ರಾತ್ರಿ ಎರಡು ಗಂಟೆಗೆ ಅಲಾರಂ ಇಟ್ಟುಕೊಂಡು ಎದ್ದು, ಮಲಗಿರುವ ಮಗಳ ಬೆರಳು ಚುಚ್ಚಿ ನೋಡುತ್ತಾರೆ. ತಲೆದಿಂಬಿನ ಪಕ್ಕ ಯಾವಾಗಲೂ ಗ್ಲೂಕೋಸ್ ಪುಡಿಯ ಡಬ್ಬಿ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋದರೆ ಬ್ಯಾಟರಿ ಬೆಳಕಿನಲ್ಲಿ ಮೀಟರ್ ನೋಡುವುದು. ಐಲೆಟ್ ಕಸಿ ಹುಟ್ಟಿದ್ದೇ ಇಂಥವರಿಗಾಗಿ. ‘ಚುಚ್ಚಿಕೊಳ್ಳುವುದು ಬೇಜಾರು’ ಅನ್ನುವವರಿಗೆ ಅಲ್ಲ. ಲೋ ಶುಗರ್ ಆಗುವುದೇ ಗೊತ್ತಾಗದೆ ಜೀವಕ್ಕೆ ಅಪಾಯ ಇರುವವರಿಗೆ.

ಇದರ ಚರಿತ್ರೆ ಇನ್ಸುಲಿನ್‌ಗಿಂತ ಹಳೆಯದು. 1889ರಲ್ಲಿ ಮಿಂಕೋವ್‌ಸ್ಕಿ ಮತ್ತು ಫಾನ್ ಮೆರಿಂಗ್ ನಾಯಿಯ ಮೇದೋಜೀರಕ ಗ್ರಂಥಿ ತೆಗೆದು, ಅದಕ್ಕೆ ಸಕ್ಕರೆ ಕಾಯಿಲೆ ಬರುವುದನ್ನು ತೋರಿಸಿದರು. ನಾಲ್ಕೇ ವರ್ಷದಲ್ಲಿ, 1893ರಲ್ಲಿ, ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಸಾಯುವ ಸ್ಥಿತಿಯಲ್ಲಿದ್ದ 15 ವರ್ಷದ ಹುಡುಗನ ಚರ್ಮದ ಕೆಳಗೆ ಕುರಿಯ ಮೇದೋಜೀರಕದ ತುಂಡುಗಳನ್ನು ಇಟ್ಟರು. ಹುಡುಗ ಮೂರು ದಿನದಲ್ಲಿ ತೀರಿಕೊಂಡ. ಇನ್ಸುಲಿನ್ ಬಂದದ್ದು ಇದಾಗಿ ಸುಮಾರು 30 ವರ್ಷಕ್ಕೆ. 1972ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಪಾಲ್ ಲೇಸಿ ಮತ್ತು ಬ್ಯಾಲಿಂಜರ್ ಐಲೆಟ್‌ಗಳನ್ನು ಮಾತ್ರ ಬಿಡಿಸಿ ಇಲಿಗಳಿಗೆ ಹಾಕಿ ಕಾಯಿಲೆ ಹಿಮ್ಮೆಟ್ಟಿಸಿದರು. ಎಲ್ಲರೂ ‘ಇನ್ನೇನು, ಆಯಿತು’ ಅಂದುಕೊಂಡರು. ಮನುಷ್ಯರಲ್ಲಿ ಅದು ನಿಲ್ಲಲೇ ಇಲ್ಲ. ಹಾಕಿದ ಐಲೆಟ್‌ಗಳು ಕೆಲವೇ ದಿನ ಅಥವಾ ವಾರಗಳಲ್ಲಿ ಕಾಣೆಯಾಗುತ್ತಿದ್ದವು.

ಮಾಡುವ ರೀತಿಯನ್ನು ಹೇಳಿಬಿಡುತ್ತೇನೆ. ಮೆದುಳು ಸತ್ತ ದಾನಿಯ ಮೇದೋಜೀರಕ ಗ್ರಂಥಿಯನ್ನು ತಂಪಿನಲ್ಲಿ ಲ್ಯಾಬಿಗೆ ತರುತ್ತಾರೆ. ಅದರ ನಾಳದೊಳಗೆ ಕೊಲಾಜಿನೇಸ್ ಎಂಬ ಕಿಣ್ವ ತುಂಬುತ್ತಾರೆ. ಆಮೇಲೆ ಸ್ಟೀಲಿನ ಒಂದು ಪಾತ್ರೆಗೆ ಹಾಕುತ್ತಾರೆ. ಒಳಗೆ ಗೋಲಿಗಳು, ಮಧ್ಯೆ ಜಾಲರಿ. ಮೈಬಿಸಿಯಷ್ಟೇ ಬಿಸಿಯಲ್ಲಿ ಕುಲುಕುತ್ತಾ ಹೋದರೆ ಗ್ರಂಥಿ ಸಡಿಲವಾಗಿ ಐಲೆಟ್‌ಗಳು ಬಿಟ್ಟುಕೊಳ್ಳುತ್ತವೆ. ಕಮಿಲೊ ರಿಕಾರ್ಡಿ 1988ರಲ್ಲಿ ರೂಪಿಸಿದ ಈ ಪಾತ್ರೆಯನ್ನು ಈಗಲೂ ಬಳಸುತ್ತಾರೆ. ಬಿಟ್ಟುಕೊಂಡವು ಐಲೆಟ್‌ಗಳೇ ಹೌದಾ ಅಂತ ನೋಡಲು ಡಿಥಿಜೋನ್ ಎಂಬ ಬಣ್ಣ ಹಾಕುತ್ತಾರೆ. ಬೀಟಾ ಕೋಶದಲ್ಲಿ ಸತು ಇರುತ್ತದೆ, ಬಣ್ಣ ಅದಕ್ಕೆ ಅಂಟುತ್ತದೆ. ಸೂಕ್ಷ್ಮದರ್ಶಕದ ಕೆಳಗೆ ಉಳಿದದ್ದೆಲ್ಲ ಮಾಸಲು ಹಳದಿ, ಐಲೆಟ್‌ಗಳು ಮಾತ್ರ ಕೆಂಪು. ಕಡೆಗೆ ಸಿಗುವುದು ಕೆಲವೇ ಮಿಲಿಲೀಟರ್. ಅದನ್ನು ಚೀಲಕ್ಕೆ ತುಂಬಿ, ಹೊಟ್ಟೆಯ ಚರ್ಮದ ಮೂಲಕ ಸಣ್ಣ ನಳಿಕೆ ಹಾಕಿ, ಕರುಳಿನಿಂದ ಲಿವರ್‌ಗೆ ಹೋಗುವ ಪೋರ್ಟಲ್ ರಕ್ತನಾಳಕ್ಕೆ ಡ್ರಿಪ್ ಥರ ಬಿಡುತ್ತಾರೆ. ಐಲೆಟ್‌ಗಳು ಲಿವರ್‌ನ ಸಣ್ಣ ಸಣ್ಣ ನಾಳಗಳಲ್ಲಿ ಹೋಗಿ ಕೂರುತ್ತವೆ. ಹೊಟ್ಟೆ ಕುಯ್ಯುವುದಿಲ್ಲ. ಸಾಮಾನ್ಯವಾಗಿ ರೋಗಿ ಎಚ್ಚರವಾಗಿಯೇ ಇರುತ್ತಾರೆ.

ಇಲ್ಲಿ ಕೂತಿರುವ ತುಂಬಾ ಜನ ತೋಟದವರು. ನೀರು ನಿಲ್ಲುವ ಜಾಗದಲ್ಲಿ ಸೊರಗು ರೋಗ ಬಾರದಿರಲಿ ಅಂತ ಹಿಪ್ಪಲಿ ಬೇರಿನ ಮೇಲೆ ಕರಿಮೆಣಸಿನ ಕುಡಿ ಕಸಿ ಕಟ್ಟುತ್ತೀರಿ. ಎರಡೂ ಬೇರೆ ಜಾತಿಯ ಬಳ್ಳಿ, ಆದರೂ ಕೂಡಿಕೊಂಡು ಚಿಗುರುತ್ತವೆ. ಗಿಡಗಳಿಗೂ ರೋಗ ತಡೆಯುವ ಶಕ್ತಿ ಇದೆ. ಆದರೆ ಮೈಯೆಲ್ಲ ತಿರುಗಾಡಿ ಇದು ನಮ್ಮದು, ಇದು ಹೊರಗಿನದು ಅಂತ ಮುಟ್ಟಿ ನೋಡುವ ಕೋಶಗಳು ಗಿಡದಲ್ಲಿಲ್ಲ. ನಮ್ಮಲ್ಲಿ ಇವೆ. ಅವು ಇಲ್ಲದಿದ್ದರೆ ಐಲೆಟ್ ಕಸಿ ಮೆಣಸಿನ ಕಸಿಯಷ್ಟೇ ಸಲೀಸಾಗಿರುತ್ತಿತ್ತು. ಅವು ಇಲ್ಲದಿದ್ದರೆ ನಾವು ಒಂದು ಮಳೆಗಾಲವನ್ನೂ ದಾಟುತ್ತಿರಲಿಲ್ಲ ಅನ್ನುವುದೂ ಅಷ್ಟೇ ನಿಜ.

ಈಗ ಲಿವರ್ ಒಳಗೆ ಹೋಗೋಣ. ಮೊದಲ ಹೊಡೆತ ಬೀಳುವುದು ಮೊದಲ ಗಂಟೆಯಲ್ಲೇ. ಐಲೆಟ್ ಯಾವತ್ತೂ ಹೀಗೆ ಬರಿಮೈಯಲ್ಲಿ ಹರಿಯುವ ರಕ್ತಕ್ಕೆ ಬಿದ್ದಿರುವುದಿಲ್ಲ. ತನ್ನ ಗ್ರಂಥಿಯಲ್ಲಿದ್ದಾಗ ರಕ್ತ ಅದರ ಒಳಗಿನ ನಾಳಗಳಲ್ಲಿ ಹರಿಯುತ್ತಿತ್ತು. ಈಗ ನಾಳಗಳು ಕಡಿದಿವೆ. ಐಲೆಟ್‌ನ ಮೇಲ್ಮೈಯಲ್ಲಿ ಟಿಶ್ಯೂ ಫ್ಯಾಕ್ಟರ್ ಎಂಬ ವಸ್ತು ಇರುತ್ತದೆ. ಗಾಯವಾದಾಗ ರಕ್ತ ಹೆಪ್ಪುಗಟ್ಟಿಸುವುದು ಇದೇ. ಅದು ಕಂಡ ಕೂಡಲೇ ಪ್ಲೇಟ್‌ಲೆಟ್‌ಗಳು ಬಂದು ಅಂಟುತ್ತವೆ, ಹೆಪ್ಪು ಕಟ್ಟುತ್ತದೆ. ರಕ್ತದಲ್ಲಿರುವ ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳು ಎದ್ದು ಐಲೆಟ್‌ನ ಪೊರೆಯನ್ನು ತೂತು ಮಾಡುತ್ತವೆ. ಹಿಂದೆಯೇ ನ್ಯೂಟ್ರೋಫಿಲ್‌ಗಳು ನುಗ್ಗುತ್ತವೆ. ಕೀವಿನಲ್ಲಿ ತುಂಬಿರುತ್ತವಲ್ಲ, ಅದೇ ಬಿಳಿ ಕಣ. ಆಮೇಲೆ ಮ್ಯಾಕ್ರೊಫೇಜ್‌ಗಳು. ಲಿವರ್‌ನಲ್ಲಿ ಅವು ಮೊದಲೇ ಕಾದು ಕೂತಿರುತ್ತವೆ, ಏಕೆಂದರೆ ಕರುಳಿನಿಂದ ಬರುವ ರೋಗಾಣುಗಳನ್ನು ತಿನ್ನುವುದು ಅವುಗಳ ಕೆಲಸ. ಅವು ಬಿಡುವ ಐಎಲ್-1, ಟಿಎನ್ಎಫ್ ಮುಂತಾದ ರಾಸಾಯನಿಕಗಳಿಗೆ ಬೀಟಾ ಕೋಶ ತಡೆಯುವುದಿಲ್ಲ. ಅಂಥ ವಿಷವನ್ನು ತೊಳೆದುಹಾಕುವ ಕಿಣ್ವಗಳು ಬೀಟಾ ಕೋಶದಲ್ಲಿ ಬಹಳ ಕಡಿಮೆ.

ಈ ಗಲಾಟೆಯಲ್ಲಿ ಹಾಕಿದ ಐಲೆಟ್‌ಗಳಲ್ಲಿ ಅರ್ಧದಷ್ಟು, ಒಮ್ಮೊಮ್ಮೆ ಅದಕ್ಕೂ ಜಾಸ್ತಿ, ಮೊದಲ ಕೆಲವು ದಿನಗಳಲ್ಲೇ ಹೋಗುತ್ತವೆ. ಉಳಿದವಕ್ಕೂ ಹೊಸ ರಕ್ತನಾಳ ಬೆಳೆಯಲು ಎರಡು ವಾರವಾದರೂ ಬೇಕು. ಅಲ್ಲಿಯವರೆಗೆ ಆಮ್ಲಜನಕ ಕಡಿಮೆ, ಹಸಿದೇ ಇರಬೇಕು. ಒಬ್ಬ ರೋಗಿಗೆ ಎರಡು, ಮೂರು ದಾನಿಗಳ ಗ್ರಂಥಿ ಬೇಕಾಗುವುದು ಇದಕ್ಕೇ. ನಮ್ಮ ದೇಶದಲ್ಲಿ ಮರಣಾನಂತರ ಅಂಗದಾನ 10 ಲಕ್ಷ ಜನಕ್ಕೆ ಒಬ್ಬರಷ್ಟೂ ಇಲ್ಲ. ಹಾಗಿರುವಾಗ ಒಂದೊಂದು ಗ್ರಂಥಿಯ ಅರ್ಧ ಭಾಗ ಹೀಗೆ ವ್ಯರ್ಥವಾಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಈಗ ಐಲೆಟ್ ಜೊತೆಗೆ ಹೆಪಾರಿನ್ ಕೊಡುತ್ತಾರೆ, ಹೆಪ್ಪು ಕಡಿಮೆಯಾಗಲಿ ಅಂತ. ಟಿಎನ್ಎಫ್ ತಡೆಯುವ ಎಟನರ್ಸೆಪ್ಟ್ ಕೊಡುವ ಕೇಂದ್ರಗಳೂ ಇವೆ.

ಎರಡನೆಯದು ನಿಧಾನದ್ದು, ಮತ್ತು ನಿಮಗೆ ಸ್ವಲ್ಪ ಗೊತ್ತಿರುವುದು. ಕಿಡ್ನಿ ಕಸಿಯಲ್ಲಿ ‘ರಿಜೆಕ್ಟ್ ಆಯಿತು’ ಅನ್ನುತ್ತಾರಲ್ಲ, ಅದು. ಹೆಚ್ಚುಕಡಿಮೆ ಪ್ರತಿ ಕೋಶದ ಮೈಮೇಲೆ ಎಚ್‌ಎಲ್‌ಎ ಎಂಬ ಗುರುತು ಇರುತ್ತದೆ. ನನ್ನದು ನಿಮ್ಮದಕ್ಕೆ ಹೊಂದುವುದಿಲ್ಲ. ಡೆಂಡ್ರಿಟಿಕ್ ಕೋಶ ಎಂಬ ಬಿಳಿ ಕಣಗಳು ಹೊಸ ಐಲೆಟ್‌ನ ಚೂರುಗಳನ್ನು ಎತ್ತಿಕೊಂಡು ದುಗ್ಧಗ್ರಂಥಿಗೆ ಹೋಗುತ್ತವೆ. ಗಂಟಲು ನೋವಾದಾಗ ಕುತ್ತಿಗೆಯಲ್ಲಿ ಗಂಟು ಬರುತ್ತದೆ ನೋಡಿ, ಅಂಥ ಜಾಗ. ಅಲ್ಲಿ ಟಿ ಕೋಶ ಎಂಬ ಇನ್ನೊಂದು ಬಗೆಯ ಬಿಳಿ ಕಣಗಳಿಗೆ ತೋರಿಸುತ್ತವೆ. ಆ ಚೂರಿಗೆ ಸರಿಹೊಂದುವ ಟಿ ಕೋಶ ಒಂದು ಇದ್ದದ್ದು ಸಾವಿರಾರು ಆಗುತ್ತದೆ. ಸಿಡಿ4 ಎಂಬ ಬಗೆ ಉಳಿದವನ್ನು ಎಬ್ಬಿಸುತ್ತದೆ. ಸಿಡಿ8 ಎಂಬ ಬಗೆ ಐಲೆಟ್‌ಗೆ ನೇರ ಹೋಗಿ ಕೋಶದ ಪೊರೆಯಲ್ಲಿ ತೂತು ಮಾಡಿ, ಕೊಲ್ಲುವ ಕಿಣ್ವ ಒಳಗೆ ಬಿಡುತ್ತದೆ. ಬಿ ಕೋಶ ಎಂಬ ಬಿಳಿ ಕಣಗಳು ಪ್ರತಿಕಾಯ, ಅಂದರೆ ಹೊರಗಿನದಕ್ಕೆ ಹೋಗಿ ಅಂಟುವ ಆಂಟಿಬಾಡಿ, ತಯಾರಿಸುತ್ತವೆ. ಈ ಪ್ರತಿಕಾಯದ ವಿಷಯವನ್ನು ಜನ ಹೇಳುವುದೇ ಇಲ್ಲ. ಇಬ್ಬರು, ಮೂವರು ದಾನಿಗಳ ಐಲೆಟ್ ಹಾಕಿ ಅವು ಸತ್ತರೆ, ಆ ಎಲ್ಲರ ಎಚ್‌ಎಲ್‌ಎ ವಿರುದ್ಧ ಪ್ರತಿಕಾಯ ಉಳಿದುಬಿಡಬಹುದು. ಮುಂದೆ ಆ ಮನುಷ್ಯನಿಗೆ ಕಿಡ್ನಿ ಬೇಕಾಯಿತು ಅಂದರೆ ಹೊಂದುವ ಕಿಡ್ನಿ ಸಿಗುವುದು ಕಷ್ಟವಾಗುತ್ತದೆ. ಸಕ್ಕರೆ ಕಾಯಿಲೆಯವರಿಗೆ ಕಿಡ್ನಿ ಎಷ್ಟು ಮುಖ್ಯ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಮೂರನೆಯದು ಟೈಪ್ 1ರವರಿಗೆ ಮಾತ್ರ ಇರುವ ತೊಂದರೆ. ನನಗೆ ಇದರಲ್ಲಿ ಎಲ್ಲಕ್ಕಿಂತ ಜಾಸ್ತಿ ಆಸಕ್ತಿ. ಮೊದಲ ಸಲ ಮಗುವಿನ ಬೀಟಾ ಕೋಶಗಳನ್ನು ಕೊಂದ ಟಿ ಕೋಶಗಳು ಎಲ್ಲಿ ಹೋದವು? ಎಲ್ಲಿಯೂ ಹೋಗಿಲ್ಲ. ನೆನಪಿನ ಕೋಶಗಳಾಗಿ ಮೈಯಲ್ಲೇ ಇವೆ. ದಡಾರದ ಲಸಿಕೆ ಚಿಕ್ಕಂದಿನಲ್ಲಿ ಹಾಕಿಸಿದರೆ ವರ್ಷಗಟ್ಟಲೆ ಕಾಪಾಡುವುದೂ ಇಂಥ ನೆನಪಿನಿಂದಲೇ.

ಇದಕ್ಕೆ ಪುರಾವೆ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಿಂದ ಬಂತು. ಡೇವಿಡ್ ಸದರ್‌ಲ್ಯಾಂಡ್ ಎಂಬ ಸರ್ಜನ್ 1980ರ ಆಸುಪಾಸಿನಲ್ಲಿ ತದ್ರೂಪಿ ಅವಳಿಗಳಲ್ಲಿ ಕಸಿ ಮಾಡಿದರು. ಅವಳಿಗಳಲ್ಲಿ ಒಬ್ಬರಿಗೆ ಟೈಪ್ 1 ಬಂದು ವರ್ಷಗಳಾಗಿದ್ದವು, ಇನ್ನೊಬ್ಬರಿಗೆ ಇಲ್ಲ. ಆರೋಗ್ಯವಂತರ ಮೇದೋಜೀರಕದ ಒಂದು ಭಾಗ ತೆಗೆದು ಕಾಯಿಲೆ ಇರುವವರಿಗೆ ಹಾಕಿದರು. ತದ್ರೂಪಿ ಅವಳಿ ಅಂದ ಮೇಲೆ ಎಚ್‌ಎಲ್‌ಎ ಎಲ್ಲ ಒಂದೇ, ರಿಜೆಕ್ಟ್ ಆಗುವ ಪ್ರಶ್ನೆಯೇ ಇಲ್ಲ. ಹಾಗಾಗಿ ಮೊದಲಿನವರಿಗೆ ರೋಗನಿರೋಧ ತಗ್ಗಿಸುವ ಔಷಧಿಯನ್ನೇ ಕೊಡಲಿಲ್ಲ. ಸಕ್ಕರೆ ಸರಿಹೋಯಿತು. ಕೆಲವು ವಾರ, ತಿಂಗಳುಗಳಲ್ಲಿ ಮತ್ತೆ ಏರಿತು. ಗ್ರಂಥಿಯ ಚೂರು ತೆಗೆದು ನೋಡಿದರೆ ರಸ ಮಾಡುವ ಭಾಗ ಚೆನ್ನಾಗಿಯೇ ಇತ್ತು. ಆಲ್ಫಾ ಕೋಶಗಳು ಇದ್ದವು. ಬೀಟಾ ಕೋಶಗಳು ಮಾತ್ರ ಇರಲಿಲ್ಲ. ಐಲೆಟ್‌ಗಳ ಸುತ್ತ ಟಿ ಕೋಶಗಳು ತುಂಬಿದ್ದವು. ಇಡೀ ಗ್ರಂಥಿಯಲ್ಲಿ ಹುಡುಕಿ ಹುಡುಕಿ ಒಂದೇ ಬಗೆಯ ಕೋಶ ಕೊಂದಿದ್ದವು.

ಇದರ ಪಕ್ಕದಲ್ಲಿ ಇನ್ನೊಂದು ಗುಂಪಿನ ರೋಗಿಗಳನ್ನು ಇಟ್ಟು ನೋಡಿ. ಮೇದೋಜೀರಕ ಗ್ರಂಥಿ ಪದೇ ಪದೇ ಊದಿಕೊಂಡು ತಡೆಯಲಾಗದ ನೋವು ಬರುವ ಕಾಯಿಲೆ ಇದೆ. ಕೇರಳದ ಕಡೆ ಗ್ರಂಥಿಯೊಳಗೆ ಕಲ್ಲು ಕಟ್ಟುವ ಬಗೆ ತುಂಬಾ ಕಂಡಿತ್ತು. ಅಂಥವರಲ್ಲಿ ಕೆಲವರಿಗೆ ಇಡೀ ಗ್ರಂಥಿಯನ್ನೇ ತೆಗೆದು, ಅದರ ಐಲೆಟ್‌ಗಳನ್ನು ಬಿಡಿಸಿ, ಅವರದೇ ಲಿವರ್‌ಗೆ ವಾಪಸ್ ಬಿಡುತ್ತಾರೆ. ಇದನ್ನೂ ಮೊದಲು ಮಾಡಿದ್ದು ಮಿನೆಸೋಟದಲ್ಲೇ, 1977ರಲ್ಲಿ. ಇವರದು ಸ್ವಂತ ಐಲೆಟ್, ಟೈಪ್ 1ರ ಹಳೆಯ ದ್ವೇಷವೂ ಇಲ್ಲ. ಮೊದಲ ಗಂಟೆಯ ಹೊಡೆತ ಮಾತ್ರ ಇದೆ. ಕೆಟ್ಟುಹೋದ ಗ್ರಂಥಿಯಿಂದ ತೆಗೆದದ್ದು, ಸಿಕ್ಕಿದ್ದೂ ಕಡಿಮೆ. ಆದರೂ ಸುಮಾರು ಮೂರರಲ್ಲಿ ಒಬ್ಬರು ವರ್ಷಗಳವರೆಗೆ ಇನ್ಸುಲಿನ್ ಇಲ್ಲದೆ ಇರುತ್ತಾರೆ, ರೋಗನಿರೋಧ ತಗ್ಗಿಸುವ ಔಷಧಿಯೂ ಬೇಡ. ಅಂದರೆ ಲಿವರ್‌ನಲ್ಲಿ ಐಲೆಟ್ ಬದುಕಬಲ್ಲದು. ಮೊದಲ ಹೊಡೆತದಲ್ಲಿ ನಷ್ಟ ಆಗುತ್ತದೆ, ಆದರೆ ಎಲ್ಲವೂ ಹೋಗುವುದಿಲ್ಲ. ವರ್ಷಗಳ ಮೇಲೆ ಸೋಲಿಸುತ್ತಿರುವುದು ಟಿ ಕೋಶಗಳು, ಅದೂ ಎರಡು ಬೇರೆ ಬೇರೆ ಕಾರಣಕ್ಕೆ. ನನ್ನ ಮಟ್ಟಿಗೆ ಇಡೀ ವಿಷಯದ ಬೀಗದ ಕೈ ಇದು.

ಹಾಗಾದರೆ ಟಿ ಕೋಶಗಳನ್ನು ಔಷಧಿಯಿಂದ ತಗ್ಗಿಸಿದರಾಯಿತು, ಅಲ್ವಾ? ಅದನ್ನೇ ಮಾಡುತ್ತಾರೆ. ಹಿಂದೆ ಸ್ಟಿರಾಯ್ಡ್ ಕೊಡುತ್ತಿದ್ದರು. ಸ್ಟಿರಾಯ್ಡ್ ಸಕ್ಕರೆ ಏರಿಸುತ್ತದೆ, ಬೀಟಾ ಕೋಶಕ್ಕೆ ಭಾರ. 2000ದಲ್ಲಿ ಕೆನಡಾದ ಎಡ್ಮಂಟನ್‌ನಲ್ಲಿ ಜೇಮ್ಸ್ ಶಪಿರೊ ಮತ್ತು ಸಂಗಡಿಗರು ಸ್ಟಿರಾಯ್ಡ್ ಬಿಟ್ಟು, ಸಿರೋಲಿಮಸ್, ಕಡಿಮೆ ಪ್ರಮಾಣದ ಟ್ಯಾಕ್ರೋಲಿಮಸ್ ಮತ್ತು ಡಾಕ್ಲಿಜುಮ್ಯಾಬ್ ಕೊಟ್ಟರು. ಸಾಲಾಗಿ ಏಳು ರೋಗಿಗಳಿಗೆ ಇನ್ಸುಲಿನ್ ನಿಂತಿತು. ಪ್ರಪಂಚವೇ ತಿರುಗಿ ನೋಡಿತು. ಆದರೆ ಐದು ವರ್ಷ ಆದ ಮೇಲೆ ಅದೇ ಎಡ್ಮಂಟನ್‌ನಲ್ಲಿ ಇನ್ಸುಲಿನ್ ಇಲ್ಲದೆ ಉಳಿದವರು ಶೇಕಡಾ 10ರಷ್ಟು. ಇದನ್ನು ಸೋಲು ಅಂತ ನಾನು ಹೇಳುವುದಿಲ್ಲ. ಶೇಕಡಾ 80ರಷ್ಟು ಜನರಲ್ಲಿ ಕಸಿಯಾದ ಐಲೆಟ್ ಸ್ವಲ್ಪವಾದರೂ ಕೆಲಸ ಮಾಡುತ್ತಿತ್ತು, ಎಚ್ಚರ ತಪ್ಪಿಸುವ ಲೋ ಶುಗರ್‌ನಿಂದ ಅಂಥವರಿಗೆ ರಕ್ಷಣೆ ಇತ್ತು. 2016ರಲ್ಲಿ ಬಂದ ಉತ್ತರ ಅಮೆರಿಕದ 48 ಜನರ ಪ್ರಯೋಗದಲ್ಲೂ ಹೀಗೇ. ಒಂದು ವರ್ಷಕ್ಕೆ ಇನ್ಸುಲಿನ್ ಬಿಟ್ಟವರು ಸುಮಾರು ಅರ್ಧ. ಆದರೆ ಸಕ್ಕರೆ ಹಿಡಿತದಲ್ಲಿದ್ದು, ತೀವ್ರ ಲೋ ಶುಗರ್ ಇಲ್ಲದವರು ಶೇಕಡಾ 87ಕ್ಕೂ ಹೆಚ್ಚು. ಆಗುಂಬೆಯ ಆ ಹುಡುಗಿಯ ಮನೆಯಲ್ಲಿ ಇಷ್ಟಾದರೆ ಎಷ್ಟು ದೊಡ್ಡದು ಯೋಚಿಸಿ.

ಸ್ವಲ್ಪ ದಾರಿ ಬಿಟ್ಟು ಒಂದು ಮಾತು. ಈ ಸಿರೋಲಿಮಸ್ ಬಂದದ್ದು ಮಣ್ಣಿನಿಂದ. 1964ರಲ್ಲಿ ಕೆನಡಾದ ತಂಡವೊಂದು ಪೆಸಿಫಿಕ್ ಸಾಗರದ ಈಸ್ಟರ್ ದ್ವೀಪಕ್ಕೆ ಹೋಯಿತು. ಅಲ್ಲಿಂದ ಬಂದ ಮಣ್ಣಿನಲ್ಲಿದ್ದ ಒಂದು ಬ್ಯಾಕ್ಟೀರಿಯಾದಿಂದ ಈ ವಸ್ತುವನ್ನು ಬೇರ್ಪಡಿಸಿದವರು ಸುರೇಂದ್ರನಾಥ ಸೆಹಗಲ್, ಬನಾರಸ್‌ನಲ್ಲಿ ಓದಿದವರು. ಮಾಂಟ್ರಿಯಲ್‌ನ ಲ್ಯಾಬ್ ಮುಚ್ಚಿದಾಗ ಆ ಕೆಲಸವೂ ನಿಂತಿತು. ಅವರು ಮಾತ್ರ ಬ್ಯಾಕ್ಟೀರಿಯಾವನ್ನು ಎಸೆಯಲು ಬಿಡದೆ ಮನೆಯ ಫ್ರೀಜರ್‌ನಲ್ಲಿ ವರ್ಷಗಳ ಕಾಲ ಕಾಪಾಡಿದರು. ಟ್ಯಾಕ್ರೋಲಿಮಸ್ ಸಿಕ್ಕಿದ್ದು ಜಪಾನಿನ ಮಣ್ಣಿನಲ್ಲಿ, ಇಂಥದೇ ಇನ್ನೊಂದು ಔಷಧಿ ಸೈಕ್ಲೋಸ್ಪೊರಿನ್ ನಾರ್ವೆಯ ಮಣ್ಣಿನ ಶಿಲೀಂಧ್ರದಲ್ಲಿ. ನಮ್ಮ ಘಟ್ಟದ ಮಣ್ಣಿನಲ್ಲಿ ಏನೇನಿದೆಯೋ! ಇಲ್ಲಿರುವ ವಿಜ್ಞಾನದ ಮೇಷ್ಟ್ರುಗಳು ಇದನ್ನು ಮಕ್ಕಳಿಗೆ ದಯವಿಟ್ಟು ಹೇಳಿ.

ಔಷಧಿಗೆ ಬರೋಣ. ಇವನ್ನು ಐಲೆಟ್ ಇರುವವರೆಗೂ ತೆಗೆದುಕೊಳ್ಳಬೇಕು. ಟ್ಯಾಕ್ರೋಲಿಮಸ್ ಕಿಡ್ನಿಗೆ ಪೆಟ್ಟು ಕೊಡುತ್ತದೆ, ಬೀಟಾ ಕೋಶಕ್ಕೂ ಒಳ್ಳೆಯದಲ್ಲ. ಅದಕ್ಕಿಂತ ದೊಡ್ಡ ಭಯ ಸೋಂಕು. ಐಲೆಟ್ ಮೇಲೆ ಬೀಳುವ ಟಿ ಕೋಶವನ್ನು ತಗ್ಗಿಸುವ ಔಷಧಿ, ವೈರಸ್ ಮೇಲೆ ಬೀಳುವ ಟಿ ಕೋಶವನ್ನೂ ತಗ್ಗಿಸುತ್ತದೆ. ನಾವಿರುವುದು ಎಂಥ ಜಾಗದಲ್ಲಿ? ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದು ನಮ್ಮ ಜಿಲ್ಲೆಯಲ್ಲೇ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಸೊಪ್ಪಿನ ಬೆಟ್ಟಕ್ಕೆ ಹೋದರೆ ಉಣುಗು ಹತ್ತುತ್ತದೆ. ಗದ್ದೆಯ ನೀರಿನಲ್ಲಿ ಇಲಿ ಜ್ವರ. ಮಳೆಗಾಲದಲ್ಲಿ ಗೋಡೆಯೆಲ್ಲ ಬೂಷ್ಟು. ಇಲ್ಲಿ ಬದುಕುವ ಮಗುವಿಗೆ ಈ ಔಷಧಿ ಶುರು ಮಾಡುವುದು ಅಂದರೆ ಸಣ್ಣ ಮಾತಲ್ಲ. ಇನ್ಸುಲಿನ್ ಸೂಜಿ ಬಿಟ್ಟು ಇದನ್ನು ಹಿಡಿಯುವುದು ನಿಮ್ಮ ಮಕ್ಕಳಲ್ಲಿ ಹೆಚ್ಚಿನವರಿಗೆ ಇವತ್ತಿನ ಮಟ್ಟಿಗೆ ನಷ್ಟದ ವ್ಯಾಪಾರ ಅಂತಲೇ ನಾನು ಹೇಳುತ್ತೇನೆ.

ಎಲ್ಲ ಟಿ ಕೋಶಗಳೂ ಕೊಲ್ಲುವಂಥವಲ್ಲ. 1995ರಲ್ಲಿ ಜಪಾನಿನ ಶಿಮೊನ್ ಸಕಾಗುಚಿ ಉಳಿದ ಟಿ ಕೋಶಗಳನ್ನು ತಡೆದು ನಿಲ್ಲಿಸುವ ಒಂದು ಬಗೆಯನ್ನು ಗುರುತಿಸಿದರು. ನಿಯಂತ್ರಕ ಟಿ ಕೋಶ ಅನ್ನುತ್ತಾರೆ. ಅದನ್ನು ಆಳುವ ಫಾಕ್ಸ್‌ಪಿ3 ಎಂಬ ಜೀನ್ ಅನ್ನು 2001ರಲ್ಲಿ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ ಹುಡುಕಿದರು. ಮೂವರಿಗೂ 2025ರ ವೈದ್ಯಕೀಯ ನೊಬೆಲ್ ಬಂತು. ಆ ಜೀನ್ ಕೆಟ್ಟು ಹುಟ್ಟುವ ಗಂಡು ಮಕ್ಕಳಿದ್ದಾರೆ, ತೀರಾ ಅಪರೂಪ. ಅವರಲ್ಲಿ ಬಹಳಷ್ಟು ಮಕ್ಕಳಿಗೆ ಹಸುಳೆಯಲ್ಲೇ ಟೈಪ್ 1 ಬರುತ್ತದೆ. ಇದರ ಅರ್ಥ ನೋಡಿ. ಬೀಟಾ ಕೋಶದ ಮೇಲೆ ಬೀಳಬಲ್ಲ ಟಿ ಕೋಶ ನನ್ನಲ್ಲೂ ಇರಬಹುದು, ನಿಮ್ಮಲ್ಲೂ ಇರಬಹುದು. ನಿಯಂತ್ರಕ ಕೋಶಗಳು ಹಗಲೂ ರಾತ್ರಿ ತಡೆಯುತ್ತಿರುವುದರಿಂದ ನಮಗೆ ಕಾಯಿಲೆ ಬಂದಿಲ್ಲ. ಹಾಗಾಗಿ ರೋಗಿಯ ನಿಯಂತ್ರಕ ಕೋಶಗಳನ್ನೇ ರಕ್ತದಿಂದ ತೆಗೆದು, ಲ್ಯಾಬಿನಲ್ಲಿ ಹೆಚ್ಚಿಸಿ ವಾಪಸ್ ಕೊಡುವ ಪ್ರಯತ್ನ ನಡೆದಿದೆ. ಪೋಲೆಂಡಿನಲ್ಲಿ ಟೈಪ್ 1 ಮಕ್ಕಳಿಗೂ ಕೊಟ್ಟು ನೋಡಿದ್ದಾರೆ. ಇಡೀ ಸೈನ್ಯವನ್ನು ಮಲಗಿಸುವ ಔಷಧಿಗಿಂತ ಈ ದಾರಿಯ ಮೇಲೆ ನನಗೆ ನಂಬಿಕೆ ಜಾಸ್ತಿ.

ಇನ್ನೊಂದು ದಾರಿ ಐಲೆಟ್ ಅನ್ನೇ ಬಚ್ಚಿಡುವುದು. ಸಮುದ್ರದ ಪಾಚಿಯಿಂದ ಬರುವ ಆಲ್ಜಿನೇಟ್‌ನ ಗುಳಿಗೆಯೊಳಗೆ ಐಲೆಟ್ ಇಡುವುದನ್ನು 1980ರಲ್ಲೇ ತೋರಿಸಿದ್ದರು. ಟಿ ಕೋಶ ಒಳಗೆ ಬರಲಾಗಲಿಲ್ಲ, ನಿಜ. ಮ್ಯಾಕ್ರೊಫೇಜ್‌ಗಳು ಗುಳಿಗೆಯ ಸುತ್ತ ಸೇರಿ ನಾರಿನ ಗೋಡೆ ಎಬ್ಬಿಸಿದವು, ಒಳಗಿನ ಐಲೆಟ್ ಉಸಿರುಕಟ್ಟಿ ಸತ್ತಿತು. ಈಗಿನವರು ಜೀನ್ ತಿದ್ದುತ್ತಾರೆ. 2025ರಲ್ಲಿ ಸ್ವೀಡನ್ನಿನ ಉಪ್ಸಲಾದಿಂದ ಬಂದ ವರದಿ ಹೀಗಿದೆ. ದಾನಿಯ ಐಲೆಟ್ ಕೋಶಗಳಲ್ಲಿ ಎಚ್‌ಎಲ್‌ಎ ಗುರುತನ್ನು ತೆಗೆದುಹಾಕಿದರು, ಟಿ ಕೋಶಕ್ಕೆ ಕಾಣದಿರಲಿ ಅಂತ. ಆದರೆ ಗುರುತೇ ಇಲ್ಲದ ಕೋಶವನ್ನು ಎನ್‌ಕೆ ಕೋಶ ಎಂಬ ಇನ್ನೊಂದು ಬಿಳಿ ಕಣ ಕೊಲ್ಲುತ್ತದೆ. ಅದಕ್ಕೇ ಸಿಡಿ47 ಎಂಬ ಪ್ರೋಟೀನನ್ನು ಜಾಸ್ತಿ ಮಾಡಿದರು. ‘ನನ್ನನ್ನು ತಿನ್ನಬೇಡ’ ಅಂತ ಹೇಳುವ ಗುರುತು ಅದು. 42 ವರ್ಷದ ಒಬ್ಬ ರೋಗಿಯ ಮುಂಗೈ ಸ್ನಾಯುವಿಗೆ ಇವನ್ನು ಹಾಕಿದರು. ರೋಗನಿರೋಧ ತಗ್ಗಿಸುವ ಒಂದು ಮಾತ್ರೆಯನ್ನೂ ಕೊಡಲಿಲ್ಲ. ತಿದ್ದುಪಡಿ ಸರಿಯಾಗಿ ಆಗದ ಕೋಶಗಳು ಅವರ ಬಿಳಿ ಕಣಗಳಿಗೆ ಸಿಕ್ಕಿಬಿದ್ದವು. ಪೂರ್ತಿ ತಿದ್ದಿದವು 12 ವಾರ ಆದ ಮೇಲೂ ಇನ್ಸುಲಿನ್ ಬಿಡುತ್ತಿದ್ದವು. ಹಾಕಿದ್ದು ಸ್ವಲ್ಪ, ಹಾಗಾಗಿ ಅವರಿಗೆ ಚುಚ್ಚುವುದು ನಿಲ್ಲಲಿಲ್ಲ. ಒಬ್ಬರೇ ರೋಗಿ, ಮೂರೇ ತಿಂಗಳು. ಆದರೂ ಓದಿದ ದಿನ ನಾನು ತುಂಬಾ ಖುಷಿಪಟ್ಟೆ.

ದಾನಿಗಳ ಕೊರತೆಗೆ ಕಾಂಡಕೋಶದಿಂದ, ಅಂದರೆ ಸ್ಟೆಮ್ ಸೆಲ್‌ನಿಂದ ಐಲೆಟ್ ಬೆಳೆಸುತ್ತಿದ್ದಾರೆ. ಹೀಗೆ ಬೆಳೆಸಿದ ಝಿಮಿಸ್ಲೆಸೆಲ್ ಎಂಬ ಐಲೆಟ್ ಕೋಶಗಳ ಪೂರ್ತಿ ಡೋಸ್ ಪಡೆದ 12 ಜನರಲ್ಲಿ 10 ಜನ ಒಂದು ವರ್ಷಕ್ಕೆ ಇನ್ಸುಲಿನ್ ಬಿಟ್ಟಿದ್ದರು. ಇದೂ 2025ರದ್ದೇ. ವಾಟ್ಸಾಪ್‌ನಲ್ಲಿ ಇಷ್ಟೇ ಇರುತ್ತದೆ. ಅವರೆಲ್ಲ ರೋಗನಿರೋಧ ತಗ್ಗಿಸುವ ಔಷಧಿ ತೆಗೆದುಕೊಳ್ಳುತ್ತಿದ್ದಾರೆ ಅನ್ನುವುದು ಇರುವುದಿಲ್ಲ. ಅದೇ ಪ್ರಯೋಗದಲ್ಲಿ ಒಬ್ಬರು ಶಿಲೀಂಧ್ರದಿಂದ ಬಂದ ಮೆದುಳು ಪೊರೆಯ ಸೋಂಕಿನಿಂದ ತೀರಿಕೊಂಡರು ಅನ್ನುವುದೂ ಇರುವುದಿಲ್ಲ. ಚೀನಾದಲ್ಲಿ 25 ವರ್ಷದ ಯುವತಿಯೊಬ್ಬರಿಗೆ ಅವರದೇ ಕೋಶದಿಂದ ಐಲೆಟ್ ಮಾಡಿ ಹಾಕಿದರು, 75 ದಿನದಲ್ಲಿ ಇನ್ಸುಲಿನ್ ನಿಂತಿತು. ಸ್ವಂತ ಕೋಶ, ಇನ್ನೇನು ತೊಂದರೆ ಅನ್ನುತ್ತೀರಿ. ಅವಳಿಗಳ ಕತೆ ನೆನಪಿಸಿಕೊಳ್ಳಿ. ಟೈಪ್ 1ರಲ್ಲಿ ಟಿ ಕೋಶಗಳಿಗೆ ಸ್ವಂತ ಬೀಟಾ ಕೋಶವೇ ಶತ್ರು. ಆ ಯುವತಿಗೆ ಮೊದಲೇ ಲಿವರ್ ಕಸಿ ಆಗಿ ಔಷಧಿ ನಡೆಯುತ್ತಿತ್ತು. ಹಾಗಾಗಿ ಐಲೆಟ್ ಉಳಿದದ್ದು ಸ್ವಂತದ್ದು ಅಂತಲೋ, ಔಷಧಿಯಿಂದಲೋ, ಅವರೊಬ್ಬರಿಂದ ಹೇಳಲು ಬರುವುದಿಲ್ಲ.

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ಹೇಳಬೇಕು. ‘ಸ್ಟೆಮ್ ಸೆಲ್ ಹಾಕಿ ಶುಗರ್ ವಾಸಿ ಮಾಡುತ್ತೇವೆ’ ಅಂತ ಲಕ್ಷಗಟ್ಟಲೆ ಕೇಳುವವರಿದ್ದಾರೆ. ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿ ಪ್ರಕಾರ ಸಕ್ಕರೆ ಕಾಯಿಲೆಗೆ ಸ್ಟೆಮ್ ಸೆಲ್ ಒಪ್ಪಿತ ಚಿಕಿತ್ಸೆ ಅಲ್ಲ. ಕೊಡುವುದಾದರೆ ಅನುಮತಿ ಪಡೆದ, ನೋಂದಾಯಿಸಿದ ಪ್ರಯೋಗದಲ್ಲಿ ಮಾತ್ರ. ಅಂಥ ಪ್ರಯೋಗಕ್ಕೆ ರೋಗಿಯಿಂದ ದುಡ್ಡು ತೆಗೆದುಕೊಳ್ಳುವ ಹಾಗಿಲ್ಲ. ಯಾರಾದರೂ ದುಡ್ಡು ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ಅಡಿಕೆ ತೋಟ ಅಡ ಇಡಬೇಡಿ. ಯಾರ ಮಾತಿಗೂ ಇನ್ಸುಲಿನ್ ಒಂದು ದಿನವೂ ನಿಲ್ಲಿಸಬೇಡಿ.

ಕಡೆಗೆ ಒಂದು ಚೀಟಿ ಬಂದಿದೆ. ‘ಮಗಳಿಗೆ ಎಂಟು ವರ್ಷ. ಇವೆಲ್ಲ ಬರುವವರೆಗೆ ನಾವೇನು ಮಾಡಬೇಕು?’ ಒಳ್ಳೆಯ ಪ್ರಶ್ನೆ ಅಮ್ಮ. ಈಗ ಈ ಕಸಿ ಮಾಡುತ್ತಿರುವುದು ದೊಡ್ಡವರಿಗೆ. ನಿಮ್ಮ ಮಗಳು 18 ದಾಟುವಷ್ಟರಲ್ಲಿ ಇವುಗಳಲ್ಲಿ ಯಾವುದೋ ಒಂದು ಕೈಗೆ ಸಿಗುವ ಹಂತಕ್ಕೆ ಬರಬಹುದು ಅನ್ನುವುದು ನನ್ನ ಆಸೆ. ಆಗ ಡಾಕ್ಟರು ಮೊದಲು ನೋಡುವುದು ಅವಳ ಕಿಡ್ನಿ. ಕಿಡ್ನಿ ಚೆನ್ನಾಗಿಲ್ಲದಿದ್ದರೆ ಟ್ಯಾಕ್ರೋಲಿಮಸ್‌ನಂಥ ಔಷಧಿ ಕೊಡಲು ಕೈ ಬರುವುದಿಲ್ಲ. ಹಾಗಾಗಿ ಸಕ್ಕರೆ ಹಿಡಿತದಲ್ಲಿಡಿ, ಮೂರು ತಿಂಗಳಿಗೊಮ್ಮೆ, ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ ಮಾಡಿಸಿ. ಹತ್ತು ವರ್ಷ ತುಂಬುವ ಹೊತ್ತಿಗೆ ವರ್ಷಕ್ಕೊಮ್ಮೆ ಮೂತ್ರದಲ್ಲಿ ಅಲ್ಬುಮಿನ್ ಪರೀಕ್ಷೆ ಶುರು ಮಾಡೋಣ, ಕಣ್ಣಿನ ಪರೀಕ್ಷೆ ಯಾವಾಗಿನಿಂದ ಅಂತ ಆಗಲೇ ಹೇಳುತ್ತೇನೆ. ಲಸಿಕೆಗಳು ಬಾಕಿ ಇದ್ದರೆ ಈಗಲೇ ಮುಗಿಸಿ, ಏಕೆಂದರೆ ಆ ಔಷಧಿಗಳು ಶುರುವಾದ ಮೇಲೆ ದಡಾರದಂಥ ಜೀವಂತ ಲಸಿಕೆ ಕೊಡುವ ಹಾಗಿಲ್ಲ. ಕಾರ್ಡ್ ತಂದಿದ್ದರೆ ಹೊರಗೆ ಹೋಗುವ ಮುಂಚೆ ನನಗೆ ತೋರಿಸಿ, ಯಾವುದು ಉಳಿದಿದೆ ಅಂತ ನೋಡುತ್ತೇನೆ.